ಆರು ದಿನದ ಹಾಜರಿ

ಮಾರ್ಚ್ ೩

ದೊಡ್ಡಕ್ಕನಿಗೆ ನಿಮ್ಮ ಗುಬ್ಬಿ ಮಾಡುವ ನಮಸ್ಕಾರಗಳು.

ಎರಡು ವರ್ಷದಿಂದ ಒಂದು ಸಾಲೂ ಬರೆಯದವಳು ಈಗ ಬರೆದಿದ್ದಾಳೆಂದರೆ ಏನೋ ಕೆಲಸ ಬಿದ್ದಿದೆ ಎಂದು ಲಕೋಟೆ ಒಡೆಯುವ ಮೊದಲೇ ನಿಮಗೆ ಗೊತ್ತಾಗಿರುತ್ತದೆ. ಬೈದುಕೊಂಡೇ ಓದಿ, ಅಡ್ಡಿಯಿಲ್ಲ. ನಿಮ್ಮ ಬೈಗುಳ ಕೇಳದೆ ಕಿವಿ ಜಡ್ಡುಗಟ್ಟಿದೆ.

ಜೂನ್ ಮೂವತ್ತಕ್ಕೆ ನನಗೆ ಅರವತ್ತು ತುಂಬುತ್ತದೆ. ಮೂವತ್ತೈದಕ್ಕೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದವಳು ನಾನು, ನಿಮಗೆ ನೆನಪಿದೆ. ಮೊದಲ ಆರು ವರ್ಷ ಗುತ್ತಿಗೆ, ಆಮೇಲೆ ಹತ್ತೊಂಬತ್ತು ವರ್ಷ ಕಾಯಂ. ಪಿಂಚಣಿಗೆ ಇಪ್ಪತ್ತು ವರ್ಷ ಬೇಕು. ಒಂದು ವರ್ಷ ಕಡಿಮೆ ಬಿತ್ತಲ್ಲ ಎಂದು ಹಣೆಬರಹ ಹಳಿದುಕೊಂಡು ಕೂತಿದ್ದೆ. ಈ ವರ್ಷ ಹೊಸ ಆದೇಶ ಬಂದಿದೆ. ಗುತ್ತಿಗೆಯ ವರ್ಷಗಳನ್ನೂ ಸೇರಿಸಿಕೊಳ್ಳುತ್ತಾರಂತೆ, ಆದರೆ ನಡುವೆ ಸೇವೆ ಕಡಿದಿರಬಾರದು. ಒಂದು ಕಡೆ ಕಡಿದರೂ ಅದರ ಹಿಂದಿನದೆಲ್ಲ ಸೊನ್ನೆ.

ನಮ್ಮನ್ನು ಎಂಬತ್ತೊಂಬತ್ತು ದಿನ ದುಡಿಸಿ ತೊಂಬತ್ತನೆಯ ದಿನ ಬ್ರೇಕ್ ಕೊಡುತ್ತಿದ್ದದ್ದೇ ಕಡಿಯಲಿ ಎಂದು. ಬ್ರೇಕ್ ದಿನ ಮನೆಯಲ್ಲಿರಬೇಕು, ಮರುದಿನ ಹೊಸದಾಗಿ ಸೇರಬೇಕು. ಆದರೆ ಮೂವತ್ತೆರಡು ಮಂಚದ ವಾರ್ಡಿಗೆ ಇದ್ದವರೇ ನಾಲ್ಕು ಜನ. ವಾರ್ಡಿನ ದೊಡ್ಡ ಸಿಸ್ಟರ್ ಆಗಿದ್ದ ನೀವು ನನ್ನನ್ನು ಒಂದು ಬ್ರೇಕ್ ದಿನವೂ ಮನೆಯಲ್ಲಿ ಕೂರಲು ಬಿಡಲಿಲ್ಲ. ಆ ದಿನ ಬಂದು ದುಡಿದದ್ದಕ್ಕೆ ದಾಖಲೆ ತೋರಿಸಿದರೆ ಸೇವೆ ಕಡಿದಿಲ್ಲವೆಂದು ಒಪ್ಪುತ್ತಾರಂತೆ.

ಮೆಟ್ಟಿಲ ಕೆಳಗಿನ ಉಗ್ರಾಣದಿಂದ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆಸಿದೆ. ಒಟ್ಟು ಇಪ್ಪತ್ತನಾಲ್ಕು ಬ್ರೇಕ್ ದಿನ. ಹದಿನೆಂಟಕ್ಕೆ ಪುಟದ ಅಡಿಯಲ್ಲಿ ಕೆಂಪು ಶಾಯಿಯಲ್ಲಿ "ಬ್ರೇಕ್ ಇದ್ದರೂ ಬಂದಿದ್ದಾಳೆ" ಎಂದು ನೀವೇ ಬರೆದು ಸಹಿ ಹಾಕಿದ್ದೀರಿ. ಆ ಶಾಯಿ ನೋಡಿ ಉಗ್ರಾಣದ ಧೂಳಿನಲ್ಲಿ ನಿಂತು ನಾನು ಅತ್ತುಬಿಟ್ಟೆ. ಕೊನೆಯ ಆರಕ್ಕೆ ಮಾತ್ರ ಕೆಂಪು ಶಾಯಿ ಇಲ್ಲ. ಆ ಆರೂ ದಿನ ನಮ್ಮ ಕಡ್ಡಿಯ ಹೆಸರಿನ ಮುಂದೆ ಹಾಜರಿ ಬಿದ್ದಿದೆ, ಬೆಳಿಗ್ಗೆ ಎಂಟರಿಂದ ಎರಡು.

ಕಡ್ಡಿ ಆಗ ಹಾಸಿಗೆ ಹಿಡಿದಿದ್ದಳಲ್ಲ ದೊಡ್ಡಕ್ಕಾ? ನನಗೆ ಕೆಲಸ ಕಲಿಸಿದವಳು, ಒಂದೂವರೆ ವರ್ಷ ಎದ್ದು ಓಡಾಡಲಿಲ್ಲ. ಆ ದಿನಗಳಲ್ಲಿ ದುಡಿದದ್ದು ನಾನು. ಒಂದು ದಿನ ಹನ್ನೊಂದನೆಯ ಮಂಚದ ಮುದುಕ ಥರ್ಮಾಮೀಟರ್ ಕಚ್ಚಿ ಒಡೆದ, ನೆಲದ ಮೇಲೆ ಉರುಳಿದ ಪಾದರಸವನ್ನು ಕಾಗದದಿಂದ ಒಟ್ಟುಮಾಡಿದ್ದು ಈ ಕೈ. ಏನೋ ಹೆಚ್ಚುಕಡಿಮೆಯಾಗಿ ಸಾಲು ತಪ್ಪಿ ಬರೆದಿರಬೇಕು ನೀವು. "ಆ ಆರು ದಿನ ಬಂದವಳು ಇವಳೇ" ಎಂದು ಎರಡು ಸಾಲು ಬರೆದು ಕಳಿಸಿ. ಏಪ್ರಿಲ್ ಕೊನೆಯೊಳಗೆ ದಾಖಲೆ ಕೊಡಬೇಕು.

ನಿಮ್ಮ
ಗುಬ್ಬಿ

ಮಾರ್ಚ್ ೧೪

ಗುಬ್ಬೀ,

ನಿನ್ನ ಕಾಗದ ಬಂತು. ಅಕ್ಷರ ಈಗಲೂ ಕಾಗೆ ಕಾಲು ಗುಬ್ಬಿ ಕಾಲು. ನನ್ನ ತಮ್ಮನ ಮಗಳಿಂದ ಓದಿಸಿಕೊಂಡೆ, ಅವಳಿಗೂ ಅರ್ಧ ಹತ್ತಲಿಲ್ಲ.

ಇಲ್ಲಿ ಮಹಡಿಯ ಕೋಣೆ ನನಗೆ ಬಿಟ್ಟುಕೊಟ್ಟಿದ್ದಾರೆ. ಮೆಟ್ಟಿಲು ಇಳಿಯುವುದಕ್ಕಾಗುವುದಿಲ್ಲ, ಅದೊಂದು ಬಿಟ್ಟರೆ ಸುಖವಾಗಿದ್ದೇನೆ. ಕಿಟಕಿಯಿಂದ ಒಂದು ಶಾಲೆ ಕಾಣುತ್ತದೆ. ಮಕ್ಕಳನ್ನು ಎಣಿಸುತ್ತೇನೆ. ಅಭ್ಯಾಸ.

ಆ ಆರು ದಿನದ ವಿಷಯ. ಪುಸ್ತಕದಲ್ಲಿ ಅವಳ ಹಾಜರಿ ಇದ್ದರೆ ಅವಳೇ ಬಂದಿರಬೇಕು. ಹಠಮಾರಿ ಅವಳು. ಮೈ ಸ್ವಲ್ಪ ಹಗುರಾದ ದಿನ ಎದ್ದು ಬಂದಿರುತ್ತಾಳೆ, ನಿನಗೆ ಬ್ರೇಕ್ ಇದ್ದದ್ದರಿಂದ ನೀನು ಮನೆಯಲ್ಲಿ ಇದ್ದಿರುತ್ತೀಯ. ಪಾದರಸದ ಕಥೆ ಇನ್ಯಾವುದೋ ದಿನದ್ದು. ನಮ್ಮ ವಯಸ್ಸಿಗೆ ನೆನಪು ಹಿಂದುಮುಂದಾಗುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು.

ಇಷ್ಟು ವರ್ಷದ ಮೇಲೆ ಹಳೆಯ ಪುಸ್ತಕ ಕೆದಕಬೇಡ. ಧೂಳು ನಿನಗೆ ಆಗಿಬರುವುದಿಲ್ಲ. ಮಂಡಿ ನೋವಿಗೆ ಬಿಸಿನೀರಿನ ಶಾಖ ಕೊಡು.

ದೊಡ್ಡಕ್ಕ

ಮಾರ್ಚ್ ೨೯

ದೊಡ್ಡಕ್ಕಾ,

ನನ್ನ ಮಂಡಿ ನೋಯುತ್ತದೆ ಎಂದು ನಾನು ಬರೆದೇ ಇರಲಿಲ್ಲ. ಆದರೂ ನೋಯುತ್ತಿದೆ ನೋಡಿ. ನಿಮಗೆ ಎಲ್ಲ ಗೊತ್ತಿರುತ್ತದೆ, ಹೇಳಬೇಕಾದದ್ದನ್ನು ಮಾತ್ರ ಹೇಳುವುದಿಲ್ಲ.

ನೀವು ಬರೆದದ್ದನ್ನು ನಂಬಲು ಹತ್ತು ದಿನ ಪ್ರಯತ್ನಪಟ್ಟೆ. ನಿಮ್ಮ ಮಾತು ನನಗೆ ಇವತ್ತಿಗೂ ವಾರ್ಡಿನ ಆದೇಶವೇ. ಕಡ್ಡಿ ಬಂದಿದ್ದಳು, ನಾನು ಮನೆಯಲ್ಲಿದ್ದೆ ಎಂದು ದಿನಾ ಹೇಳಿಕೊಂಡೆ. ಹೇಳಿಕೊಳ್ಳುತ್ತ, ಸತ್ತು ಹತ್ತೊಂಬತ್ತು ವರ್ಷವಾದ ಅವಳು ನಿಜವಾಗಿಯೂ ಬರತೊಡಗಿದಳು.

ನಗಬೇಡಿ. ಮೊನ್ನೆ ಬೆಳಿಗ್ಗೆ ಒಂಬತ್ತೂವರೆ, ಒಳ್ಳೆಯ ಬಿಸಿಲು, ವಾರ್ಡು ತುಂಬ ಜನ. ಏಳನೆಯ ಮಂಚದ ಹೆಂಗಸಿನ ಜ್ವರ ನೋಡಲು ಹೋದೆ. "ಈಗಷ್ಟೇ ಒಬ್ರು ನೋಡ್ಕೊಂಡು ಹೋದ್ರಲ್ಲ ಸಿಸ್ಟರ್, ಸಣ್ಣಗೆ ಉದ್ದಕ್ಕಿದ್ರು" ಎಂದಳು. ಆ ಸರದಿಯಲ್ಲಿ ನಾನೊಬ್ಬಳೇ ಇದ್ದದ್ದು. ಜ್ವರದ ತಲೆ, ಏನೋ ಬಡಬಡಿಸುತ್ತಾಳೆ ಎಂದುಕೊಂಡೆ. ಆಮೇಲೆ ಔಷಧಿ ಕೋಣೆಯಲ್ಲಿ ನಿಂತಾಗ ನನ್ನ ಬೆನ್ನ ಹಿಂದೆ ಯಾರೋ ಸರದಿ ಮುಗಿಯಲೆಂದು ಕಾಯುತ್ತಿದ್ದಾರೆ ಅನ್ನಿಸಿತು. ತಿರುಗಲಿಲ್ಲ. ಮೂವತ್ತೆರಡು ಮಂಚದ ಹೆಣ ಹೊರಿಸಿದವಳಿಗೆ ತಿರುಗುವುದಕ್ಕೆ ಧೈರ್ಯ ಬರಲಿಲ್ಲ.

ನಾನೇಕೆ ಹೆದರುತ್ತೇನೆ ಎಂದು ಹೇಳಿಬಿಡುತ್ತೇನೆ. ಅವಳು ಮಲಗಿದ್ದ ಒಂದೂವರೆ ವರ್ಷದಲ್ಲಿ ನಾನು ಒಮ್ಮೆಯೂ ನೋಡಲು ಹೋಗಲಿಲ್ಲ. ಎರಡು ಬೀದಿ ಆಚೆ ಮನೆ. ಅವಳದು ಕಾಯಂ ಹುದ್ದೆ, ನಾನು ಗುತ್ತಿಗೆಯವರ ಪಟ್ಟಿಯಲ್ಲಿ ಮೊದಲಿನವಳು. ಅವಳು ಹೋದರೆ ಆ ಜಾಗ ನನಗೆ ಎಂದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಹೋಗಿ ಹೇಗಿದ್ದೀಯ ಎಂದು ಕೇಳಿದರೆ ಆ ಪ್ರಶ್ನೆಗೆ ಯಾವ ಅರ್ಥ ಬರುತ್ತಿತ್ತು ಹೇಳಿ. ನಾನು ಕಾಯುತ್ತಿದ್ದೆ ದೊಡ್ಡಕ್ಕಾ. ಬಾಯಿಬಿಟ್ಟು ಹೇಳದಿದ್ದರೂ ಕಾಯುತ್ತಿದ್ದೆ.

ಈಗ ಮುಖ್ಯ ವಿಷಯ. ಆರನೆಯ ದಿನದ ತಾರೀಖನ್ನು ಮತ್ತೆ ನೋಡಿದೆ. ಅದು ನನಗೆ ಬಾಯಿಪಾಠ. ನನ್ನನ್ನು ಕಾಯಂ ಮಾಡಿದ ಆದೇಶದಲ್ಲೇ ಇದೆ, ಇಂಥ ದಿನ ಇಂಥವರು ಮೃತಪಟ್ಟದ್ದರಿಂದ ತೆರವಾದ ಹುದ್ದೆಗೆ ಎಂದು. ಅವಳು ತೀರಿಕೊಂಡದ್ದು ಬೆಳಿಗ್ಗೆ ಹತ್ತೂವರೆಗೆ, ತನ್ನ ಮನೆಯಲ್ಲಿ. ಪುಸ್ತಕದ ಪ್ರಕಾರ ಅದೇ ದಿನ ಎರಡು ಗಂಟೆಯವರೆಗೆ ವಾರ್ಡಿನಲ್ಲಿ ಡ್ಯೂಟಿ ಮಾಡಿದ್ದಾಳೆ.

ಸತ್ತವಳು ಮೂರೂವರೆ ಗಂಟೆ ಹೆಚ್ಚಿಗೆ ದುಡಿದಳೇ?

ಉಗ್ರಾಣದಲ್ಲಿ ಆ ವರ್ಷದ ರಿಪೋರ್ಟ್ ಪುಸ್ತಕವೂ ಸಿಕ್ಕಿದೆ. ಸರದಿ ಮುಗಿದಾಗ ಮುಂದಿನವರಿಗೆ ಬರೆದಿಡುತ್ತೇವಲ್ಲ, ಅದು. ಆ ಆರು ದಿನದ ರಿಪೋರ್ಟೂ ನನ್ನ ಕೈಬರಹದಲ್ಲಿದೆ. ನನಗೆ ಹುಚ್ಚು ಹಿಡಿದಿಲ್ಲ. ಈ ಪುಸ್ತಕವನ್ನು ಪಿಂಚಣಿ ಶಾಖೆಗೆ ಕೊಡುತ್ತೇನೆ. ಬರಹ ತಾಳೆ ನೋಡಿದರೆ ತಾನೇ ಗೊತ್ತಾಗುತ್ತದೆ.

ಗುಬ್ಬಿ

ಏಪ್ರಿಲ್ ೫

ಗುಬ್ಬೀ, ರಿಪೋರ್ಟ್ ಪುಸ್ತಕ ಕೊಡಬೇಡ. ಕೊಟ್ಟಿದ್ದರೆ ವಾಪಸು ತಗೋ. ದೊಡ್ಡ ಕಾಗದ ಹಿಂದೆಯೇ ಬರುತ್ತದೆ.

ದೊಡ್ಡಕ್ಕ

ಏಪ್ರಿಲ್ ೭

ಗುಬ್ಬೀ,

ಇದನ್ನು ತಮ್ಮನ ಮಗಳ ಕೈಯಲ್ಲಿ ಬರೆಸುತ್ತಿಲ್ಲ. ನಾನೇ ಬರೆಯುತ್ತಿದ್ದೇನೆ, ಕೈ ನಡುಗಿದ ಕಡೆ ಊಹಿಸಿಕೊಂಡು ಓದು.

ಆ ಆರು ದಿನ ದುಡಿದವಳು ನೀನೇ. ಅವಳ ಹೆಸರಿನ ಮುಂದೆ ಹಾಜರಿ ಹಾಕಿದವಳು ನಾನು. ಸಾಲು ತಪ್ಪಿ ಅಲ್ಲ, ಗೊತ್ತಿದ್ದೇ.

ಕಡ್ಡಿಯ ರಜೆಯೆಲ್ಲ ಮುಗಿದಿತ್ತು. ಕಾಯಂ ನೌಕರರು ಎಷ್ಟೇ ಕಾಯಿಲೆ ಇರಲಿ, ತೊಂಬತ್ತು ದಿನಕ್ಕೊಮ್ಮೆಯಾದರೂ ಬಂದು ಹಾಜರಿ ಹಾಕಬೇಕು. ತೊಂಬತ್ತನೆಯ ದಿನವೂ ಬರದಿದ್ದರೆ ಹಿಂದಿನ ಹಾಜರಿಯ ದಿನವೇ ಕೆಲಸ ಬಿಟ್ಟಂತೆ. ಕೆಲಸ ಬಿಟ್ಟು ಸತ್ತರೆ ಮನೆಯವರಿಗೆ ಪಿಂಚಣಿ ಇಲ್ಲ. ಅವಳ ಮನೆಯಲ್ಲಿ ಇದ್ದದ್ದು ಕಣ್ಣು ಕಾಣದ ತಂಗಿ ಒಬ್ಬಳು. ನೀನು ನೋಡಿದ್ದೀಯ, ಆಸ್ಪತ್ರೆಗೆ ಅಕ್ಕನ ಭುಜ ಹಿಡಿದು ಬರುತ್ತಿದ್ದಳು.

ಸುಮ್ಮನೆ ಹಾಜರಿ ಹಾಕಿಬಿಡುವ ಹಾಗಿರಲಿಲ್ಲ. ಮೇಲ್ವಿಚಾರಕರು ಬಂದು ತಲೆ ಎಣಿಸುತ್ತಿದ್ದರು. ಪುಸ್ತಕದಲ್ಲಿ ಒಂದು ಹೆಸರು ಹೆಚ್ಚಿದ್ದರೆ ವಾರ್ಡಿನಲ್ಲಿ ಒಂದು ತಲೆ ಹೆಚ್ಚಿರಬೇಕು. ನಿನಗೂ ತೊಂಬತ್ತಕ್ಕೇ ಬ್ರೇಕ್ ಬೀಳುತ್ತಿತ್ತು. ಆ ದಿನ ನೀನು ಇರುತ್ತಿದ್ದೆ, ನಿನ್ನ ಹೆಸರು ಇರುತ್ತಿರಲಿಲ್ಲ. ಅವಳು ಇರುತ್ತಿರಲಿಲ್ಲ, ಹೆಸರು ಬೇಕಾಗಿತ್ತು.

ಗುತ್ತಿಗೆಯವರ ದಿನಗಳು ಎಂದಾದರೂ ಲೆಕ್ಕಕ್ಕೆ ಬರುತ್ತವೆ ಎಂದು ಆಗ ಯಾರು ಕನಸು ಕಂಡಿದ್ದರು? ಸರ್ಕಾರವೇ ಬೇಡವೆಂದು ಎಸೆದ ದಿನ ಅದು. ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದದ್ದೂ ನನ್ನ ಹೊಟ್ಟೆ ತಣ್ಣಗಾಗಲಿ ಎಂದು. ಯಾರಿಗೂ ಬೇಡದ ದಿನವನ್ನು ಬೇಕಾದವಳಿಗೆ ಕೊಟ್ಟೆ ಅಂದುಕೊಂಡೆ. ಅದು ನಿನ್ನದು, ನಿನ್ನನ್ನು ಕೇಳಬೇಕಿತ್ತು ಎಂದು ಹೊಳೆಯಲಿಲ್ಲ. ನಿನಗೆ ಹೇಳಿದರೆ ವಾರ್ಡಿಗೆಲ್ಲ ತಿಳಿಯುತ್ತದೆ ಎಂಬ ಭಯವೂ ಇತ್ತು. ನಿನ್ನ ಬಾಯಿ ನಿನಗೇ ಗೊತ್ತು.

ಆರನೆಯ ದಿನ ಎಂಟು ಗಂಟೆಗೆ ಹಾಜರಿ ಹಾಕಿದೆ. ಹನ್ನೆರಡಕ್ಕೆ ಸುದ್ದಿ ಬಂತು. ನೀನು ಆಗ ಡ್ರೆಸ್ಸಿಂಗ್ ಗಾಡಿ ತಳ್ಳಿಕೊಂಡು ಹೋಗುತ್ತಿದ್ದೆ. ಹಾಜರಿ ಹೊಡೆದುಹಾಕಬೇಕೆಂದು ಪೆನ್ನು ಎತ್ತಿದೆ. ಹೊಡೆದಿದ್ದರೆ ಅವಳು ತೊಂಬತ್ತು ದಿನ ಹಿಂದೆಯೇ ಕೆಲಸ ಬಿಟ್ಟವಳಾಗುತ್ತಿದ್ದಳು. ಪೆನ್ನು ಕೆಳಗಿಟ್ಟೆ. ನಿನ್ನನ್ನು ಕರೆದು ಸುದ್ದಿ ಹೇಳಿದ್ದು ಎರಡು ಗಂಟೆಯ ಮೇಲೆ. ಆ ಎರಡು ಗಂಟೆ ಹೊತ್ತು ನಿನ್ನ ಮುಖ ನೋಡಲು ಆಗದೆ ಒಗೆದು ಬಂದ ಲಿನನ್ ಬಟ್ಟೆ ಎಣಿಸುತ್ತ ಕೂತಿದ್ದೆ.

ನಿನ್ನ ದಿನ ನಿನಗೆ ಸೇರಬೇಕು. ನಾನು ಹೇಳಿಕೆ ಬರೆದುಕೊಡುತ್ತೇನೆ. ಎಪ್ಪತ್ತೆಂಟರ ಮುದುಕಿಯನ್ನು ಏನು ಮಾಡುತ್ತಾರೆ. ತಂಗಿಗೆ ಇಷ್ಟು ಹೊತ್ತಿಗೆ ಯಾರಾದರೂ ಆಸರೆ ಇದ್ದೇ ಇರುತ್ತಾರೆ. ನೀನು ಹೂಂ ಎಂದು ಬರೆ, ಕಳಿಸುತ್ತೇನೆ.

ದೊಡ್ಡಕ್ಕ

ಏಪ್ರಿಲ್ ೨೩

ಗುಬ್ಬೀ,

ಹದಿನೈದು ದಿನವಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಸಿಟ್ಟು ಬಂದಿದೆ ಎಂದು ತಿಳಿದಿದ್ದೇನೆ. ಬರಬೇಕಾದದ್ದೇ.

ತಿಂಗಳ ಕೊನೆ ಹತ್ತಿರವಾಯಿತು. ನೀನು ಕೇಳದಿದ್ದರೂ ಹೇಳಿಕೆಯನ್ನು ಪಿಂಚಣಿ ಶಾಖೆಗೆ ಇವತ್ತು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಆರು ದಿನ ಬಂದವಳು ನೀನು, ಬೇರೆಯವರ ಹಾಜರಿ ಹಾಕಿದವಳು ನಾನು ಎಂದು ಬರೆದಿದ್ದೇನೆ. ಅದನ್ನು ಬರೆದು ಮುಗಿಸಿ ನಿನ್ನೆ ರಾತ್ರಿ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ದೊಡ್ಡಕ್ಕ

ಏಪ್ರಿಲ್ ೨೪

ದೊಡ್ಡಕ್ಕಾ,

ತಡವಾಗಿದ್ದಕ್ಕೆ ಕ್ಷಮಿಸಿ. ಸಿಟ್ಟೇ. ಇಲ್ಲವೆಂದರೆ ಸುಳ್ಳು. ನನ್ನ ಪಾಲಿನ ದಿನವನ್ನು ನನಗೆ ಗೊತ್ತಿಲ್ಲದೆ ದಾನ ಮಾಡಿದಿರಿ, ಮೇಲಿಂದ ನನಗೇ ನೆನಪು ಹೋಗಿದೆ ಎಂದಿರಿ. ನಿಮ್ಮ ಕಾಗದವನ್ನು ಹರಿಯಬೇಕೆಂದು ಎರಡು ಸಲ ಕೈಯಲ್ಲಿ ಹಿಡಿದೆ.

ಮೊನ್ನೆ ಕಡ್ಡಿಯ ತಂಗಿಯ ಮನೆಗೆ ಹೋದೆ. ಆಸರೆ ಇದ್ದಾರೆಯೇ ಎಂದು ನೋಡಿಬರೋಣ, ಇದ್ದರೆ ನಿಮಗೆ ಹೂಂ ಎಂದು ಬರೆಯೋಣ ಎಂದು. ಇಪ್ಪತ್ತು ವರ್ಷದಲ್ಲಿ ಆ ಎರಡು ಬೀದಿಯನ್ನು ಮೊದಲ ಸಲ ದಾಟಿದೆ.

ಅದೇ ಮನೆ, ಒಂದೇ ಕೋಣೆ. ಆಸರೆ ಯಾರೂ ಇಲ್ಲ. ಮೊದಲು ಮನೆಯಲ್ಲೇ ಕೂತು ಕುರ್ಚಿಗಳಿಗೆ ನೈಲಾನ್ ಪಟ್ಟಿ ಹೆಣೆಯುತ್ತಿದ್ದಳಂತೆ, ಈಗ ಬೆರಳಿನ ಗಂಟುಗಳು ಊದಿ ಆಗುವುದಿಲ್ಲ. ಬಾಡಿಗೆಯೂ ಊಟವೂ ಅಕ್ಕನ ಪಿಂಚಣಿಯಲ್ಲೇ. ಹೆಸರು ಹೇಳುವ ಮೊದಲೇ, "ಆಸ್ಪತ್ರೆಯಿಂದ ಬಂದ್ರಾ? ಆ ವಾಸನೆ ಸೋಪು ಹಾಕಿದ್ರೂ ಹೋಗಲ್ಲ ನೋಡಿ" ಎಂದು ನಕ್ಕಳು. ಗುಬ್ಬಿ ಎಂದೆ. ನಗು ನಿಂತಿತು. ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಹತ್ತೊಂಬತ್ತು ವರ್ಷದಿಂದ ಕಾಯ್ತಿದೀನಿ ನಿಮಗೋಸ್ಕರ" ಎಂದಳು.

ಬೈಯುತ್ತಾಳೆ ಎಂದುಕೊಂಡೆ.

ಅವಳು ಹೇಳಿದ್ದು ಇದು. ಆ ಆರು ದಿನ ಕಡ್ಡಿ ಬೆಳಿಗ್ಗೆ ಆರಕ್ಕೇ ತಂಗಿಯನ್ನು ಎಬ್ಬಿಸುತ್ತಿದ್ದಳಂತೆ. ಮೈ ಒರೆಸಿಸಿಕೊಂಡು, ತಲೆ ಬಾಚಿಸಿಕೊಂಡು, ಗಂಜಿ ಹಾಕಿದ ಯೂನಿಫಾರ್ಮ್ ತೊಡಿಸು ಎನ್ನುತ್ತಿದ್ದಳಂತೆ. ಕಣ್ಣಿಲ್ಲದವಳು ತಡವಿ ತಡವಿ ಒಂದೊಂದೇ ಗುಂಡಿ ಹಾಕಬೇಕು, ಎಂಟರೊಳಗೆ ಮುಗಿಯಬೇಕು. ಆಮೇಲೆ ಕುರ್ಚಿಯಲ್ಲಿ ಕೂರುತ್ತಿದ್ದಳು. ಮಲಗುತ್ತಿರಲಿಲ್ಲ, ಒರಗುತ್ತಲೂ ಇರಲಿಲ್ಲ. ನೋವಿಗೆ ನರಳಿದರೆ ಸದ್ದು ಕೇಳಬಾರದೆಂದು ಟವೆಲ್ ಕಚ್ಚಿಕೊಳ್ಳುತ್ತಿದ್ದಳಂತೆ. ಮಲಗಕ್ಕಾ ಎಂದು ತಂಗಿ ಅತ್ತರೆ, "ಡ್ಯೂಟಿಲಿದೀನಿ ಕಣೇ. ಅಲ್ಲಿ ಗುಬ್ಬಿ ನನ್ನ ಹೆಸರಲ್ಲಿ ಓಡಾಡ್ತಿದಾಳೆ. ಎರಡು ಗಂಟೆವರೆಗೂ ನಾನು ಮಲಗೋ ಹಾಗಿಲ್ಲ" ಎನ್ನುತ್ತಿದ್ದಳಂತೆ.

ಆರನೆಯ ಸಲ ಹತ್ತೂವರೆಗೆ ಕೂತಲ್ಲೇ ಉಸಿರು ನಿಂತಿತು. ಯೂನಿಫಾರ್ಮ್‌ನಲ್ಲೇ. ತಂಗಿ ಎರಡು ಗಂಟೆಯವರೆಗೆ ಅವಳನ್ನು ಕುರ್ಚಿಯಿಂದ ಇಳಿಸಲು ಯಾರಿಗೂ ಬಿಡಲಿಲ್ಲವಂತೆ. ನೆರೆಯವರು ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡರಂತೆ.

ಕಡ್ಡಿಗೆ ಗೊತ್ತಿತ್ತು ದೊಡ್ಡಕ್ಕಾ. ನಾನು ಒಪ್ಪಿಯೇ ಕೊಟ್ಟಿದ್ದೇನೆ ಎಂದು ಇಬ್ಬರೂ ತಿಳಿದಿದ್ದರು. ಹಾಗೆಂದು ನೀವೇ ಹೇಳಿರಬೇಕು, ಇಲ್ಲವಾದರೆ ಅವಳು ತೆಗೆದುಕೊಳ್ಳುತ್ತಿರಲಿಲ್ಲ. ನಾನು ನೋಡಲು ಬಾರದ್ದಕ್ಕೂ ಅವಳು ತನ್ನದೇ ಅರ್ಥ ಮಾಡಿಕೊಂಡಿದ್ದಳು. "ಗುಬ್ಬಿ ಬರಲ್ಲ, ಬಂದ್ರೆ ನಾನು ಥ್ಯಾಂಕ್ಸ್ ಹೇಳ್ತೀನಿ ಅಂತ ಅವಳಿಗೆ ಸಂಕೋಚ" ಎಂದಿದ್ದಳಂತೆ. ಆ ಥ್ಯಾಂಕ್ಸನ್ನು ತಂಗಿ ಹತ್ತೊಂಬತ್ತು ವರ್ಷ ಇಟ್ಟುಕೊಂಡಿದ್ದು ಮೊನ್ನೆ ನನಗೆ ಕೊಟ್ಟಳು. ತೆಗೆದುಕೊಂಡು ಬಂದೆ.

ಹೇಳಿಕೆ ಕಳಿಸಬೇಡಿ. ರಿಪೋರ್ಟ್ ಪುಸ್ತಕವನ್ನು ಉಗ್ರಾಣದಲ್ಲಿ ಇದ್ದಲ್ಲೇ ಇಟ್ಟಿದ್ದೇನೆ.

ಗುಬ್ಬಿ

ಮೇ ೧೬

ದೊಡ್ಡಕ್ಕಾ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋದವು. ನಿಮ್ಮದನ್ನು ಓದಿ ತಲೆಯ ಮೇಲೆ ಕೈಹೊತ್ತು ಕೂತೆ.

ನಿನ್ನೆ ಪಿಂಚಣಿ ಶಾಖೆಯಿಂದ ಕರೆದಿದ್ದರು. ಗುಮಾಸ್ತೆ ಒಳ್ಳೆಯವಳು, ನನ್ನ ಮಗಳ ವಯಸ್ಸು. ಮೇಜಿನ ಮೇಲೆ ಹಾಜರಿ ಪುಸ್ತಕ, ಪಕ್ಕದಲ್ಲಿ ನಿಮ್ಮ ಹೇಳಿಕೆ. ಅವಳ ಮುಖದಲ್ಲಿ ಸಂತೋಷವಿತ್ತು. "ಮೇಡಂ, ನಿಮ್ಮ ಕೆಲಸ ಆದ ಹಾಗೇ. ಇದು ನಿಜ ಅಂತ ನೀವೊಂದು ಸಹಿ ಹಾಕಿದ್ರೆ ಸಾಕು" ಎಂದಳು.

ನಾನು ಏನು ಮಾಡಿದೆ ಎಂದು ನಿಮಗೆ ನಾನೇ ಹೇಳಬೇಕು, ಬೇರೆಯವರಿಂದ ತಿಳಿಯಬಾರದು. ನಿಮಗೆ ವಯಸ್ಸಾಗಿದೆ, ನೆನಪು ಹೋಗಿದೆ ಎಂದೆ. ನನ್ನ ಮೇಲಿನ ಪ್ರೀತಿಗೆ ಏನೇನೋ ಕಲ್ಪಿಸಿಕೊಂಡು ಬರೆದಿದ್ದೀರಿ, ನಂಬಬೇಡಮ್ಮ ಎಂದೆ. ಇಡೀ ಜಿಲ್ಲೆಯಲ್ಲಿ ಪುಸ್ತಕ ನೋಡದೆ ಮೂವತ್ತೆರಡು ಮಂಚದ ಔಷಧಿ ಹೇಳುತ್ತಿದ್ದ ನಿಮ್ಮ ಬಗ್ಗೆ ಅಂದೆ. ನಾಲಿಗೆ ಬಿದ್ದುಹೋಗಲಿಲ್ಲ.

ಅವಳ ನಗು ಇಳಿಯಿತು. "ಹಾಗಾದ್ರೆ ಈ ಆರು ದಿನ ನೀವೆಲ್ಲಿದ್ರಿ?"

"ಮನೇಲಿ."

"ಏನ್ಮಾಡ್ತಿದ್ರಿ?"

"ಕೂತಿದ್ದೆ."

ಅವಳು ಆರನೆಯ ತಾರೀಖಿನ ಮೇಲೆ ಬೆರಳಿಟ್ಟಳು. ಜಾಣೆ, ಇನ್ನೊಂದು ಕಡತವನ್ನೂ ತರಿಸಿಟ್ಟಿದ್ದಳು. "ಇವರು ಇದೇ ದಿನ ತೀರಿಕೊಂಡಿದಾರೆ ಮೇಡಂ, ಬೆಳಿಗ್ಗೆ ಹತ್ತೂವರೆಗೆ. ಎರಡು ಗಂಟೆವರೆಗೆ ಡ್ಯೂಟಿ ಮಾಡಿದ್ದು ಯಾರು?"

ಗೋಡೆಯ ಫ್ಯಾನು ಒಂದು ಸುತ್ತು ತಿರುಗಿ ನಮ್ಮ ಕಡೆ ಬಂದು ಹೋಯಿತು. "ಬಂದಿದ್ದಳಂತೆ, ಮೈ ಕೆಟ್ಟು ಬೇಗ ಮನೆಗೆ ಹೋದಳಂತೆ. ಹೊರಟ ಹೊತ್ತು ತಿದ್ದುವುದು ಮರೆತಿರಬೇಕು" ಎಂದೆ.

"ನೀವು ನೋಡಿದ್ರಾ?"

"ನಾನು ಮನೇಲಿದ್ದೆ ಅಂದೆನಲ್ಲಮ್ಮ, ನಾನು ಹೇಗೆ ನೋಡ್ಲಿ?"

ಅವಳಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಕಡ್ಡಿಯ ಕಡತ ಮುಚ್ಚಿ ಕೆಳಗಿಟ್ಟಳು. ನಿಮ್ಮ ಹೇಳಿಕೆಯ ಮೇಲೆ, ವಯೋಸಹಜ ಮರೆವು, ಪರಿಗಣಿಸಬೇಕಾಗಿಲ್ಲ ಎಂದು ಬರೆದಳು. ನನ್ನ ಅರ್ಜಿಯ ಮೇಲೆ, ಸೇವೆ ಆರು ಕಡೆ ಕಡಿದಿದೆ, ಪಿಂಚಣಿಗೆ ಅರ್ಹರಲ್ಲ ಎಂದು ಬರೆದಳು. ಎರಡರ ಕೆಳಗೂ ಸಹಿ ಹಾಕಿಬಂದೆ. ನಿಮ್ಮ ಕಾಲು ಹಿಡಿದು ಕ್ಷಮೆ ಕೇಳಬೇಕು, ನೀವು ನೋಡಿದರೆ ಮಹಡಿಯ ಮೇಲಿದ್ದೀರಿ.

ಗುಬ್ಬಿ

ಮೇ ೨೮

ಗುಬ್ಬೀ,

ನಿನ್ನ ಕಾಗದವನ್ನು ತಮ್ಮನ ಮಗಳು ಜೋರಾಗಿ ಓದಿದಳು. ನಿಮಗೆ ಮರೆವಂತೆ ಅತ್ತೆ, ಸರ್ಕಾರವೇ ಬರೆದುಕೊಟ್ಟಿದೆ ಎಂದು ನಕ್ಕಳು. ನಾನೂ ನಕ್ಕೆ. ಅವಳು ಕೆಳಗೆ ಹೋದ ಮೇಲೆ ಅತ್ತೆ.

ನೀನು ಒಪ್ಪಿದ್ದೀಯ ಎಂದು ಕಡ್ಡಿಗೆ ಹೇಳಿದ್ದು ಹೌದು. ಅದೊಂದನ್ನು ಹೇಳಿಕೆಯಲ್ಲೂ ಬರೆಯಲು ನನಗೆ ಧೈರ್ಯವಾಗಿರಲಿಲ್ಲ.

ಮುಂದೆ ಏನು ಮಾಡುತ್ತೀಯ? ಅದನ್ನು ಬರೆ.

ದೊಡ್ಡಕ್ಕ

ಜುಲೈ ೨

ದೊಡ್ಡಕ್ಕಾ,

ಮೂವತ್ತಕ್ಕೆ ಬೀಳ್ಕೊಟ್ಟರು. ಒಂದು ಶಾಲು, ಎರಡು ಭಾಷಣ. ನಿನ್ನೆ ಬೆಳಿಗ್ಗೆ ಎಂಟಕ್ಕೆ ಅದೇ ವಾರ್ಡಿಗೆ ಹೋದೆ. ಜನ ಸಾಲುತ್ತಿಲ್ಲವೆಂದು ನಿವೃತ್ತರನ್ನು ಗುತ್ತಿಗೆಗೆ ತೆಗೆದುಕೊಳ್ಳುತ್ತಿದ್ದಾರೆ. ಅರ್ಜಿ ಹಾಕಿದ್ದೆ, ಸಿಕ್ಕಿತು. ಮಂಡಿ ಎಳೆಯುವಷ್ಟು ದಿನ ಎಳೆಯುತ್ತೇನೆ.

ಕರಾರು ಹಳೆಯದೇ. ಎಂಬತ್ತೊಂಬತ್ತು ದಿನ, ಆಮೇಲೆ ಬ್ರೇಕ್. ಕ್ಯಾಲೆಂಡರ್ ನೋಡಿದೆ, ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಬೀಳುತ್ತದೆ. ಈಗಿನ ದೊಡ್ಡ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ, "ಆ ದಿನಾನೂ ಬಂದ್ಬಿಡಿ, ಪುಸ್ತಕ ನಾನು ನೋಡ್ಕೋತೀನಿ" ಎಂದರು. ಯಾರ ಹೆಸರಿನ ಮುಂದೆ ಎಂದು ನಾನು ಕೇಳಲಿಲ್ಲ. ಬರುತ್ತೇನೆ ಎಂದೆ.

ನಿಮ್ಮ
ಗುಬ್ಬಿ